ನೀಲಮ್ಮನವರ ಬಾವಿಗೆ ಇಳಿದ ಬಾಟಲಿ

ನೀರಿನ ಮಾದರಿ ತರುವುದೆಂದರೆ ಬಾಟಲಿಗೆ ನೀರು ತುಂಬಿ ಬಿರಡೆ ಹಾಕುವುದು, ಇದರಲ್ಲಿ ಕಲಿಯುವುದೇನಿದೆ ಎಂದುಕೊಂಡು ಕೆಲಸಕ್ಕೆ ಸೇರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಾನೂ ಹಾಗೆಂದುಕೊಂಡೇ ಸೇರಿದವನು. ಆಗ ಸ್ವಾತಂತ್ರ್ಯ ಬಂದ ಹೊಸತು. ಮೈಸೂರಿನಲ್ಲಿ ನೀರು ಪರೀಕ್ಷೆ ಮಾಡುವ ಪ್ರಯೋಗಾಲಯದಲ್ಲಿ ಕೆಲಸ ಸಿಕ್ಕಿತೆಂದು ಊರಿಗೆ ಹೋಗಿ ಹೇಳಿದೆ. ನೇಗಿಲು ಕಟ್ಟುತ್ತಿದ್ದ ನಮ್ಮಪ್ಪ ಕೈ ನಿಲ್ಲಿಸಿ, “ನೀರು ತರಾಕೂ ಸರ್ಕಾರ ಸಂಬಳ ಕೊಡ್ತದಾ? ಅಂಗಾದ್ರೆ ನಿಮ್ಮವ್ವನ್ನೇ ಕಳಿಸ್ಬೌದಿತ್ತು ಕಣ್ಲಾ” ಅಂದರು. ಒಳಗಿದ್ದ ಅವ್ವ ಜೋರಾಗಿ ನಕ್ಕಳು. ಅಪ್ಪ ಅಂದದ್ದರಲ್ಲಿ ತಪ್ಪೇನೂ ಇರಲಿಲ್ಲ. ಅವ್ವ ಈ ಕೆಲಸಕ್ಕೆ ಬಂದಿದ್ದರೆ ನನಗಿಂತ ಬೇಗ ಕಲಿಯುತ್ತಿದ್ದಳು.

ನಮ್ಮ ಕೆಲಸ ನೀರಿನಲ್ಲಿ ಕಣ್ಣಿಗೆ ಕಾಣದಷ್ಟು ಕರಗಿರುವ ಸೀಸ, ತಾಮ್ರ, ಸತು ಮುಂತಾದ ಲೋಹಗಳನ್ನು ಹುಡುಕುವುದು. ಹುಡುಕುವವರು ಒಳಗಿನ ಕೆಮಿಸ್ಟರು. ಹುಡುಕಲು ನೀರು ತಂದುಕೊಡುವವನು ನಾನು. ಗಾಜಿನ ಬಾಟಲಿಗಳನ್ನು ಆಸಿಡ್ಡಿನಲ್ಲಿ ನೆನೆಹಾಕಿ, ಬಟ್ಟಿ ಇಳಿಸಿದ ನೀರಿನಲ್ಲಿ ಜಾಲಾಡಿ, ಬಾಯಿಗೆ ಕಾಗದ ಕಟ್ಟಿ, ಹುಲ್ಲು ತುಂಬಿದ ಮರದ ಪೆಟ್ಟಿಗೆಯಲ್ಲಿ ಜೋಡಿಸಿಕೊಂಡು ಸೈಕಲ್ಲಿನ ಹಿಂದೆ ಕಟ್ಟಿಕೊಂಡು ಹೊರಡಬೇಕು. ಖಾಲಿ ಬಾಟಲಿಗಳ ಸದ್ದು ಕೇಳಿ ಮಂಡಿ ಮೊಹಲ್ಲಾದ ತಿರುವಿನಲ್ಲಿ ಒಬ್ಬ ಪೊಲೀಸಿನವನು ನನ್ನನ್ನು ತಡೆದು, ಕಳ್ಳಭಟ್ಟಿಯವನೆಂದು ಠಾಣೆಗೆ ನಡೆಸಿಕೊಂಡು ಹೋದದ್ದುಂಟು. ಅಲ್ಲಿನ ದಫೇದಾರರು ಒಂದು ಬಿರಡೆ ತೆಗೆದು ಮೂಸಿ ನೋಡಿ, “ಬರೀ ಖಾಲಿ ಬಾಟ್ಲಿ ಕಣಯ್ಯ, ಬುಟ್ಬುಡು” ಅಂದರು. ಅವರ ಮೂಗು ತಗುಲಿದ ಆ ಬಾಟಲಿಯನ್ನು ನಾನು ಮತ್ತೆ ಮೊದಲಿನಿಂದ ತೊಳೆಯಬೇಕಾಯಿತು.

ನಮ್ಮ ಮೇಲಿದ್ದವರು ಕೆಮಿಸ್ಟ್ ರಾಯರು. ಪೂರ್ತಿ ಹೆಸರು ಬರೆದರೆ ಮನೆಯವರು ಬೇಸರಪಟ್ಟಾರು, ರಾಯರು ಅಂದರೆ ಸಾಕು. ಕಚ್ಚೆಪಂಚೆ, ಮುಚ್ಚುಕೋಟು, ಮೂಗಿನ ತುದಿಗೆ ಜಾರಿದ ಕನ್ನಡಕ. ದನಿ ಎತ್ತಿ ಬೈದವರಲ್ಲ. ಬೈದಿದ್ದರೇ ವಾಸಿ ಅನ್ನುವ ಹಾಗೆ ಮಾತಾಡುತ್ತಿದ್ದರು. ನಾನು ಸೇರಿದ ಹೊಸದರಲ್ಲಿ, ಬಾವಿಗೆ ಇಳಿಸಿದ ಖಾಲಿ ಬಾಟಲಿ ಮುಳುಗದೆ ತೇಲಾಡುತ್ತಿತ್ತು. ಬುದ್ಧಿವಂತಿಕೆ ಮಾಡಿ ಮೀನು ಹಿಡಿಯುವವನೊಬ್ಬನಿಂದ ಬಲೆಗೆ ಕಟ್ಟುವ ಗುಂಡು ಇಸಿದುಕೊಂಡು ಬಾಟಲಿಯ ಬುಡಕ್ಕೆ ಕಟ್ಟಿದೆ. ಮುಳುಗಿತು, ತುಂಬಿತು, ಹಿಗ್ಗಿನಿಂದ ತಂದು ರಾಯರ ಮೇಜಿನ ಮೇಲಿಟ್ಟೆ. ರಾಯರು ಗುಂಡನ್ನು ಉಗುರಿನಿಂದ ಕೆರೆದು ನೋಡಿದರು. “ಬೋರೇಗೌಡ್ರೇ, ಇದು ಸೀಸ. ಕಳ್ಳನ್ನ ಹುಡುಕೋಕೆ ಹೊರಟು ಕಳ್ಳನ್ನೇ ಜೊತೇಲಿ ಕರ್ಕೊಂಡು ಹೋಗಿದ್ದೀರಲ್ಲ” ಅಂದರು. ಅವತ್ತಿನಿಂದ ಹೊಳೆಯ ಕಲ್ಲು ತೊಳೆದು ಹೊಸ ಹತ್ತಿಯ ಹಗ್ಗದಲ್ಲಿ ಕಟ್ಟಲು ಕಲಿತೆ.

ನೀರಿಗಿಂತ ಜನರದ್ದೇ ಕಷ್ಟ. ಜನ ಕೆಟ್ಟವರೆಂದಲ್ಲ, ತುಂಬ ಒಳ್ಳೆಯವರಾದ್ದರಿಂದ ಕಷ್ಟ. ಅಗ್ರಹಾರದ ಕೆಲವು ಹಳೆಯ ಮನೆಗಳಿಗೆ ಆಗ ಸೀಸದ ಕೊಳವೆಯಲ್ಲೇ ನಲ್ಲಿ ನೀರು ಬರುತ್ತಿತ್ತು. ರಾತ್ರಿಯೆಲ್ಲ ಕೊಳವೆಯಲ್ಲಿ ನಿಂತ ನೀರು, ಬೆಳಗ್ಗೆ ನಲ್ಲಿ ತಿರುಗಿಸಿದಾಗ ಮೊದಲು ಬರುವ ನೀರು, ಅದೇ ನಮಗೆ ಬೇಕಾದದ್ದು. ಆದರೆ ಮನೆಗೆ ಬಂದವರಿಗೆ ಹಳೆಯ ನೀರು ಕೊಡುವ ಗೃಹಿಣಿ ಅಗ್ರಹಾರದಲ್ಲಿ ಎಲ್ಲಿದ್ದಾಳೆ? ನಾನು ಬೀದಿಯ ತಿರುವಿನಲ್ಲಿ ಕಂಡರೆ ಸಾಕು, ನಲ್ಲಿ ಬಿಟ್ಟು ಬಕೆಟ್ಟುಗಟ್ಟಲೆ ಹರಿಸಿ, “ಬನ್ನಿ, ಈಗ ತಣ್ಣಗೆ ಚೆನ್ನಾಗಿ ಬರ್ತಿದೆ, ಹಿಡ್ಕೊಳ್ಳಿ” ಅನ್ನುತ್ತಿದ್ದರು. ಒಬ್ಬ ಅಜ್ಜಿಯಂತೂ ನನ್ನ ಬಾಟಲಿಯನ್ನು ಒಳಗೆ ಒಯ್ದು ಹುಣಸೆಹಣ್ಣು ಹಾಕಿ ತಿಕ್ಕಿ, ಫಳಫಳ ಹೊಳೆಯುವಂತೆ ಮಾಡಿ ತಂದುಕೊಟ್ಟರು. ಅವರ ಮುಖದಲ್ಲಿದ್ದ ಸಂತೋಷ ನೋಡಿ, ಆ ಬಾಟಲಿ ಇನ್ನು ಪರೀಕ್ಷೆಗೆ ಬಾರದೆಂದು ಹೇಳಲು ಮನಸ್ಸಾಗಲಿಲ್ಲ. ನಮಸ್ಕಾರ ಹೇಳಿ, ಮಾರನೆಯ ದಿನ ಹಾಲಿನವನಿಗಿಂತ ಮುಂಚೆ ಹೋಗಿ ಬಾಗಿಲಲ್ಲಿ ಕೂತೆ.

ಇವೆಲ್ಲ ನಗುವ ಸಂಗತಿಗಳು. ನನ್ನ ಕೆಲಸ ನನಗೆ ನಿಜವಾಗಿ ತಿಳಿದದ್ದು ನೀಲಮ್ಮನವರ ಬಾವಿಯಿಂದ.

ಮಂಡಿ ಮೊಹಲ್ಲಾದ ಒಂದು ಓಣಿಯಲ್ಲಿ ನೀಲಮ್ಮನವರು ಊಟದ ಮನೆ ನಡೆಸುತ್ತಿದ್ದರು. ಲಿಂಗವಂತರು, ಗಂಡ ತೀರಿಕೊಂಡು ಎಷ್ಟೋ ವರ್ಷವಾಗಿತ್ತು. ಬೆಲ್ಲದ ಮಂಡಿ, ಹುಣಸೆ ಮಂಡಿಗಳ ಗುಮಾಸ್ತರೂ ತಕ್ಕಡಿಯವರೂ ಅವರಲ್ಲಿ ಉಣ್ಣುತ್ತಿದ್ದರು. ಮುದ್ದೆ, ಅನ್ನ, ಹುಳಿಹುಳಿಯಾದ ಸಾರು. ಮನೆಯಲ್ಲಿ ಇನ್ನಿದ್ದವಳು ಮಗಳು ಗೌರಿ, ಮದುವೆಯ ವಯಸ್ಸು. ಹಿತ್ತಲಲ್ಲಿ ಬಾವಿ. ಬೀದಿಯ ನಲ್ಲಿಯಲ್ಲಿ ಬೆಳಗ್ಗೆ ಒಂದಿಷ್ಟು ಹೊತ್ತು ನೂಲಿನಂತೆ ನೀರು ಬಂದು ನಿಲ್ಲುತ್ತಿತ್ತು. ಅದನ್ನು ನಂಬಿ ಅಷ್ಟು ಜನಕ್ಕೆ ಬೇಯಿಸಲಾಗದು. ಬಾವಿಯಿದ್ದರೆ ಊಟದ ಮನೆ, ಊಟದ ಮನೆಯಿದ್ದರೆ ಅವರಿಬ್ಬರ ಬದುಕು.

ಆ ವರ್ಷ ಗೌರಿಗೆ ಹೊಟ್ಟೆನೋವು ಶುರುವಾಯಿತು. ಮುಖ ಬಿಳಿಚಿಕೊಂಡಿತು. ಆಮೇಲೆ ಬಲಗೈ ಮಣಿಕಟ್ಟಿನಲ್ಲಿ ಸೋತು ಜೋತುಬಿತ್ತು. ಸೌಟು ಹಿಡಿದರೆ ಜಾರುತ್ತಿತ್ತು. ಉಣ್ಣಲು ಬರುವವರಲ್ಲೂ ಕೆಲವರು ಹೊಟ್ಟೆ ಹಿಡಿದುಕೊಂಡು ಆಸ್ಪತ್ರೆಗೆ ಹೋದರು. ಅಲ್ಲಿನ ಡಾಕ್ಟರು ಅವರ ಒಸಡಿನ ಅಂಚಿನಲ್ಲಿ ನೀಲಿಗೆರೆ ಕಂಡು, ಇದು ಸೀಸದ ವಿಷ, ಇವರು ಕುಡಿಯುವ ನೀರು ನೋಡಿ ಎಂದು ನಮಗೆ ತಿಳಿಸಿದರು. ನೀಲಮ್ಮನವರ ಹಿತ್ತಲ ಗೋಡೆಯಾಚೆ ಒಂದು ಸಣ್ಣ ಅಚ್ಚುಕೂಟವಿತ್ತು. ಸೀಸದ ಅಚ್ಚುಮೊಳೆಗಳನ್ನು ತೊಳೆದ ನೀರು ಇಂಗಿ ಇವರ ಬಾವಿಗೆ ಬಂದಿದೆ ಎಂದು ಓಣಿಯೆಲ್ಲ ಆಗಲೇ ತೀರ್ಮಾನಿಸಿಬಿಟ್ಟಿತ್ತು.

ನಾನು ಹೋದೆ. ಪೆಟ್ಟಿಗೆ ಇಳಿಸಿ, ಕಲ್ಲು ಕಟ್ಟಿದ ಬಾಟಲಿ ಕೈಗೆತ್ತಿಕೊಂಡ ಕೂಡಲೇ ನೀಲಮ್ಮನವರು ಬಾವಿಗೆ ಅಡ್ಡ ನಿಂತರು.

“ಗೌಡ್ರೇ, ಬೇಜಾರು ಮಾಡ್ಕೋಬ್ಯಾಡಿ. ಪೂಜೆಗೆ ನೀರು ಸೇದೋ ಬಾವಿ ಇದು. ಊರೆಲ್ಲ ತಿರುಗಿದ ಹಗ್ಗ, ಯಾವ್ಯಾವ ಬಾವಿಗೋ ಇಳಿದ ಬಾಟ್ಲಿ. ಇದಕ್ಕೆ ಇಳಿಸಾಕೆ ನಾನು ಬುಡಾಕಿಲ್ಲ.”

“ನೀರು ಬೇಕಲ್ಲಮ್ಮ.”

“ನೀರು ನಾನು ಕೊಡ್ತೀನಿ. ಮಡೀಲಿ ಸೇದಿ, ಸೋಸಿ ಇಟ್ಟಿರೋದು. ನಿಮ್ಮ ಸಾಹೇಬ್ರು ಕುಡುದ್ರೂ ಸೈ.”

ಅಡುಗೆಮನೆಯಿಂದ ಚೊಂಬಿನಲ್ಲಿ ತಂದು ನನ್ನ ಬಾಟಲಿಗೆ ಒಂದು ಹನಿ ಚೆಲ್ಲದಂತೆ ಸುರಿದರು. ಆಗ ಮಡಿಯ ಮನೆಗಳಲ್ಲೆಲ್ಲ ಹೀಗೆಯೇ ನಡೆಯುತ್ತಿತ್ತು; ಮಡಿಯ ಬಾವಿಗೆ ನಮ್ಮ ಹಗ್ಗ ಇಳಿಯುತ್ತಿರಲಿಲ್ಲ, ಮನೆಯವರು ಕೊಟ್ಟದ್ದನ್ನು ತರುತ್ತಿದ್ದೆವು. ಗೋಡೆಯಾಚೆಯ ಅಚ್ಚುಕೂಟದಲ್ಲೂ ಒಂದು ಬಾವಿಯಿತ್ತು. ಅದರ ಮಾಲೀಕ ಮಡಿಗಿಡಿ ಲೆಕ್ಕಿಸದವನು, ಅಲ್ಲಿ ಮಾತ್ರ ನಾನೇ ಬಾಟಲಿ ಇಳಿಸಿ ತುಂಬಿಕೊಂಡೆ.

ಪರೀಕ್ಷೆ ಆಯಿತು. ಅದರ ವಿಧಾನ ಆಗಷ್ಟೇ ಬದಲಾಗಿತ್ತು. ಮೊದಲು ನೀರಿಗೆ ಒಂದು ಅನಿಲ ಹಾಯಿಸಿ ಕಂದು ಬಣ್ಣ ಬರುತ್ತದೆಯೇ ಎಂದು ಕಣ್ಣು ಕಿರಿದು ಮಾಡಿ ನೋಡುತ್ತಿದ್ದರು. ಈಗ ಹಸಿರು ದ್ರಾವಣವೊಂದು ಬಂದಿತ್ತು. ಸೀಸ ಇದ್ದರೆ ಅದು ಕೆಂಪಿಗೆ ತಿರುಗುತ್ತದೆ. ನೀಲಮ್ಮನವರ ನೀರು ಹಾಕಿ ಅಲುಗಾಡಿಸಿದಾಗ ಚೆಂದದ ಕೆಂಪು ಬಣ್ಣ ಏರಿತು. ನಗರಸಭೆಯವರು ತಡಮಾಡಲಿಲ್ಲ. ಬರುವ ಸೋಮವಾರ ಬಾವಿಗೆ ಚಪ್ಪಡಿ ಮುಚ್ಚುವುದೆಂದು ನೋಟೀಸು ಅಂಟಿಸಿದರು.

ಆ ವಾರ ಒಂದು ಬೆಳಗ್ಗೆ ನೀಲಮ್ಮನವರು ನಮ್ಮ ಪ್ರಯೋಗಾಲಯಕ್ಕೇ ಬಂದರು. ತಲೆ ತುಂಬ ಸೆರಗು, ಹಣೆಗೆ ವಿಭೂತಿ. ಕುರ್ಚಿ ಕೊಟ್ಟರೂ ಕೂರಲಿಲ್ಲ. “ನಮ್ಮತ್ತೆ ಕಾಲದ ಬಾವಿ ಸ್ವಾಮಿ. ಮುಚ್ಚಿದ್ರೆ ನಾನು ಆ ಮಗೀನ ಕಟ್ಕೊಂಡು ಎಲ್ಲಿಗೋಗ್ಲಿ? ಅದರ ಕೈ ಬ್ಯಾರೆ ಇಂಗಾಗದೆ” ಎಂದು ರಾಯರಿಗೆ ಹೇಳಿ, ಉತ್ತರಕ್ಕೆ ಕಾಯದೆ ಹೊರಟರು. ನನಗೆ ಅಂದು ಅನ್ನ ಸೇರಲಿಲ್ಲ. ಆ ಬಾಟಲಿ ತಂದ ಕೈ ನನ್ನದೇ ಆಗಿತ್ತಲ್ಲ.

ರಾಯರು ಎರಡೂ ಬಾವಿಗಳ ಫಲಿತಾಂಶವನ್ನು ಮತ್ತೆ ತೆಗೆದು ನೋಡಿ ನನ್ನನ್ನು ಕರೆದರು. “ಅಚ್ಚುಕೂಟದ ಬಾವಿ ನೀರು ಶುದ್ಧವಾಗಿದೆ ಕಣ್ರೀ. ಸೀಸ ಇರೋ ಕಡೆ ನೀರು ಚೆನ್ನಾಗಿದೆ, ಗೋಡೆ ಆಚೆ ಕೆಟ್ಟಿದೆ. ಇದು ಹೇಗೆ? ನೀವು ನೀರು ತಂದಿದ್ದನ್ನ ಮೊದಲಿಂದ ಮಾಡಿ ತೋರಿಸಿ.”

ಕಸದ ಬುಟ್ಟಿಯನ್ನು ಬಾವಿ ಮಾಡಿದೆವು. ನಾನು ನೀಲಮ್ಮನವರಂತೆ ಅಡ್ಡ ನಿಂತೆ, ಟವೆಲ್ಲನ್ನು ಸೆರಗು ಮಾಡಿಕೊಂಡು ಒಳಗೆ ಹೋದೆ, ಚೊಂಬು ಹಿಡಿದು ಬಂದೆ. ಉಳಿದ ಕೆಮಿಸ್ಟರು ಬಾಗಿಲಲ್ಲಿ ನಿಂತು ನಗುತ್ತಿದ್ದರು. ರಾಯರು ನಗಲಿಲ್ಲ.

“ಚೊಂಬಿಗೆ ಎಲ್ಲಿಂದ ಬಗ್ಗಿಸಿದ್ರು?”

“ಒಲೆ ಪಕ್ಕ ದೊಡ್ಡ ಹಿತ್ತಾಳೆ ತಪ್ಪಲೆ ಇತ್ತು ಸಾರ್, ಅದ್ರಿಂದ.”

“ಒಳಗೆ ಕಲಾಯಿ ಇತ್ತಾ?”

“ಹೊಸದಾಗಿ ಹಾಕ್ಸಿದ್ರು ಅಂತ ಕಾಣತ್ತೆ. ಬೆಳ್ಳಿ ಹಾಗೆ ಬೆಳ್ಳಗಿತ್ತು.”

ರಾಯರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಹಾಗಾದ್ರೆ ನಾವು ಪರೀಕ್ಷೆ ಮಾಡಿದ್ದು ಬಾವಿನ ಅಲ್ಲ, ತಪ್ಪಲೇನ. ಆ ತಾಯಿಗೆ ಹೇಗಾದ್ರೂ ಹೇಳಿ ಒಪ್ಪಿಸಿ. ಬಾಟ್ಲಿ ಬಾವಿಗೇ ಇಳೀಬೇಕು, ಮಧ್ಯೆ ಏನೂ ಬರಕೂಡದು. ಚಪ್ಪಡಿ ಮುಚ್ಚೋದನ್ನ ಎರಡು ದಿನ ತಡೆಯೋದಕ್ಕೆ ನಾನು ಹೋಗಿ ಕಾಲು ಹಿಡೀತೀನಿ.”

ಹೊಸ ಬಾಟಲಿ, ಹೊಸ ಹಗ್ಗ, ತೊಳೆದ ಕಲ್ಲು ಹಿಡಿದು ಬೆಳಗ್ಗೆಯೇ ಹೋದೆ. ಇವು ಇನ್ನೊಂದು ಬಾವಿ ಕಂಡಿಲ್ಲ ಎಂದು ಹೇಳಿದೆ. ನೀಲಮ್ಮನವರು ಅಂಗಳದಲ್ಲಿ ನಿಂತು ನನ್ನನ್ನೇ ನೋಡಿದರು. ಆಸೆ ಒಂದು ಕಡೆ, ಮಡಿ ಒಂದು ಕಡೆ. ಅವರ ಕಷ್ಟ ಮುಖದ ಮೇಲೆಯೇ ಕಾಣುತ್ತಿತ್ತು. ಒಳಗೆ ಹೋಗಿ ವಿಭೂತಿ ಗಟ್ಟಿ ತಂದರು.

“ಬಾಟ್ಲಿ ಕೊಡಿ. ಇಬೂತಿ ಹಚ್ಚಿ ಇಳುಸ್ತೀನಿ.”

ನಾನು ಬಾಟಲಿಯನ್ನು ಹಿಂದಕ್ಕೆ ಎಳೆದುಕೊಂಡೆ. ವಿಭೂತಿ ಅಂದರೆ ಬೂದಿ. ಅದು ನೀರಿಗೆ ಬಿದ್ದರೆ ಅದರಲ್ಲಿರುವ ಲೋಹವೂ ಲೆಕ್ಕಕ್ಕೆ ಬರುತ್ತದೆ, ರಾಯರು ಹೋಗಿ ಕಾಲು ಹಿಡಿದದ್ದೂ ವ್ಯರ್ಥ. ಬೇಡ ಅಂದರೆ ಇವರು ಇಳಿಸಲು ಬಿಡುವುದಿಲ್ಲ.

“ಅಮ್ಮಾ, ಬಾಟ್ಲಿಗೆ ಒಂದು ಚೂರು ಧೂಳು ತಗುಲಿದ್ರೂ ಪರೀಕ್ಷೆ ಕೆಡುತ್ತೆ. ಅದನ್ನೂ ಒಂದು ಥರ ಮಡೀಲೇ ತಂದಿದ್ದೀನಿ. ಬಾವಿ ಕಟ್ಟೆಗೆ ಹಚ್ಚಿ.”

ಅವರು ಯೋಚಿಸಿದರು. ಬಾವಿಕಟ್ಟೆಯ ಮೇಲೆ ಮೂರು ಗೆರೆ ಎಳೆದರು. ಆಮೇಲೆ ನನ್ನ ಹತ್ತಿರ ಬಂದು, ನಾನು ತಲೆ ಬಗ್ಗಿಸುವುದಕ್ಕೂ ಕಾಯದೆ, ನನ್ನ ಹಣೆಗೂ ಮೂರು ಗೆರೆ ಎಳೆದರು. “ಈಗ ನೀವು ನಮ್ಮೋರು. ಕೈ ತೊಳ್ಕೊಂಡು ಇಳುಸ್ರಪ್ಪ” ಅಂದರು. ನನ್ನ ಹಣೆಯಿಂದ ಬೂದಿ ಉದುರೀತೆಂದು ನಾನು ಕತ್ತು ಹಿಂದಕ್ಕೆ ಎತ್ತಿಕೊಂಡು, ಆಕಾಶ ನೋಡುತ್ತ, ಹಗ್ಗ ಬಿಟ್ಟೆ. ಗೌರಿ ಬಾಗಿಲಿಗೆ ಒರಗಿ ನಿಂತು ನಗುತ್ತಿದ್ದಳು. ಆ ಮನೆಯಲ್ಲಿ ನಾನು ಕೇಳಿದ ಮೊದಲ ನಗು ಅದು.

ಹಸಿರು ದ್ರಾವಣ ಹಸಿರಾಗಿಯೇ ಉಳಿಯಿತು. ರಾಯರು ಎರಡನೆಯ ಸಲ ಮಾಡಿದರು, ಮೂರನೆಯ ಸಲ ಮಾಡಿದರು. ಕೊನೆಗೆ ತಪ್ಪಲೆ ತರಿಸಿ, ಬರೀ ತವರದ ಲೇಪವಾಗಿರಬೇಕಾದ ಕಲಾಯಿಯನ್ನು ಕೆರೆದು ನೋಡಿದರೆ ಅದರಲ್ಲಿ ತವರಕ್ಕಿಂತ ಸೀಸವೇ ಮುಂದಾಗಿತ್ತು. ಬಾವಿ ಉಳಿಯಿತು.

ಈ ಸುದ್ದಿಯನ್ನು ನೀಲಮ್ಮನವರಿಗೆ ಹೇಳಲು ಓಡಿದಾಗ ನನಗಿದ್ದ ಸಡಗರ ಹೇಳತೀರದು. ಅವರು ಬಾವಿಕಟ್ಟೆಗೆ ಹಣೆ ಹಚ್ಚಿದರು. ಆಮೇಲೆ ತಿರುಗಿ ಕೇಳಿದರು: “ಮತ್ತೆ ಸೀಸ ಎಲ್ಲಿಂದ ಬಂತು?”

ಇದನ್ನು ಹೇಗೆ ಹೇಳಬೇಕೆಂದು ನಾನು ದಾರಿಯಲ್ಲಿ ಯೋಚಿಸಿಯೇ ಇರಲಿಲ್ಲ. ತಪ್ಪಲೆಯ ಕಲಾಯಿ ಎಂದೆ. ಹುಳಿ ಸಾರು ಅದರಲ್ಲಿ ಕುದಿದರೆ ಸೀಸ ಬಿಡುತ್ತದೆ, ರಾತ್ರಿಯೆಲ್ಲ ನೀರು ನಿಂತರೂ ಬಿಡುತ್ತದೆ ಎಂದೆ. ಅವರು ಮೆಲ್ಲಗೆ ಕೆಳಗೆ ಕೂತರು. “ಉಣ್ಣಾಕೆ ಬರೋರಿಗೆ ತಳದ್ದು ಬಡಿಸಬಾರ್ದು ಅಂತ ತಪ್ಪಲೆ ತಳದ ಸಾರು ಯಾವಾಗಲೂ ಗೌರಿಗೇ ಬಡಿಸ್ತಿದ್ದೆ. ಹುಷಾರಿಲ್ಲ ಅಂದ ಮ್ಯಾಲೆ ದಿನಾ ಬೆಳಗ್ಗೆ ತಪ್ಪಲೆ ನೀರು ಚೊಂಬು ತುಂಬ ಕುಡುಸ್ದೆ, ತಂಪಾಗ್ಲಿ ಅಂತ. ನನ್ನ ಕೈಯಾರ ಕುಡುಸ್ದೆ ಗೌಡ್ರೇ” ಅಂದರು. ಇಂಥ ಹೊತ್ತಿನಲ್ಲಿ ಏನು ಹೇಳಬೇಕೆಂದು ಮಾದರಿ ತರುವವನಿಗೆ ಯಾರೂ ಕಲಿಸುವುದಿಲ್ಲ. ನೀವೂ ಒಂದಲ್ಲ ಒಂದು ದಿನ ಒಳ್ಳೆಯ ಸುದ್ದಿಯನ್ನೂ ಕೆಟ್ಟ ಸುದ್ದಿಯನ್ನೂ ಒಂದೇ ಪೆಟ್ಟಿಗೆಯಲ್ಲಿ ಹೊತ್ತು ಒಂದು ಬಾಗಿಲಿಗೆ ಹೋಗುತ್ತೀರಿ.

ಸ್ವಲ್ಪ ಹೊತ್ತಿಗೆ ಅವರ ದುಃಖ ಕೋಪಕ್ಕೆ ತಿರುಗಿತು. “ಕಲಾಯಿ ಸಾಬ್ರನ್ನ ಈಗ್ಲೇ ಕೇಳ್ತೀನಿ” ಎಂದು, ಅವರಲ್ಲೇ ಕಲಾಯಿ ಹಾಕಿಸಿದ್ದ ಇನ್ನೊಂದು ತಪ್ಪಲೆ ಕಂಕುಳಿಗೆ ಏರಿಸಿಕೊಂಡು ಹೊರಟೇಬಿಟ್ಟರು. ಜಗಳವಾದೀತೆಂದು ನಾನೂ ಹಿಂದೆ ನಡೆದೆ. ಎರಡು ಓಣಿ ದಾಟಿದರೆ ಜಬ್ಬಾರ್ ಸಾಬರ ಕಲಾಯಿ ಅಂಗಡಿ. ತಿದಿ, ಇದ್ದಲ ಒಲೆ, ಕಲಾಯಿ ಹಿಡಿಯಲೆಂದು ಉಜ್ಜುವ ನವಸಾಗರದ ಹೊಗೆ. ನೀಲಮ್ಮನವರು ತಪ್ಪಲೆಯನ್ನು ಸಾಬರ ಮುಂದೆ ಠಣ್ಣೆಂದು ಇಟ್ಟರು.

“ಏನು ಹಾಕುದ್ರಿ ಸಾಬ್ರೇ ಇದಕ್ಕೆ? ನನ್ನ ಮಗಳ ಕೈ ತೆಗುದ್ರಲ್ಲ.”

ಸಾಬರು ವಯಸ್ಸಾದವರು. ಅವರಿಗೆ ಅರ್ಥವಾಗದ್ದನ್ನು ನಾನು ಬಿಡಿಸಿ ಹೇಳಿದೆ. ಆ ಲೋಹದ ಗಟ್ಟಿಯನ್ನು ತವರವೆಂದೇ ಪೇಟೆಯಲ್ಲಿ ಕೊಂಡದ್ದೆಂದು, ಹಳೆಯದಕ್ಕಿಂತ ಬೇಗ ಕರಗುತ್ತದೆಂದು ತಾವು ಸಂತೋಷಪಟ್ಟದ್ದಾಗಿ ಹೇಳಿದರು. “ಅಲ್ಲಾ ಸಾಕ್ಷಿ ಅಮ್ಮಾ, ನಂಗೆ ಗೊತ್ತಿರ್ಲಿಲ್ಲ. ಕೊಡಿ, ಎಲ್ಲಾ ಕೆರೆದು ತೆಗೀತೀನಿ” ಎಂದು ತಪ್ಪಲೆ ಎತ್ತಲು ಎರಡೂ ಕೈ ಚಾಚಿದರು. ಕೈಗಳು ಮಣಿಕಟ್ಟಿನಿಂದ ಕೆಳಗೆ ಜೋತುಬಿದ್ದವು. ಮುಂಗೈಗಳಲ್ಲಿ ಒತ್ತಿ ಹಿಡಿದು ಎತ್ತಲು ನೋಡಿದರು, ತಪ್ಪಲೆ ಮತ್ತೆ ನೆಲಕ್ಕೆ ಬಿತ್ತು. “ವಯಸ್ಸಾಯ್ತಮ್ಮ, ಈಚೆಗೆ ಹೀಗೇ” ಅಂದರು.

ನೀಲಮ್ಮನವರು ಆ ಕೈಗಳನ್ನೇ ನೋಡುತ್ತ ನಿಂತರು. “ಹೊಟ್ಟೆ ನೋಯ್ತದಾ?” ಎಂದು ಕೇಳಿದರು. ಸಾಬರು ಹೌದೆಂದು ತಲೆ ಆಡಿಸಿದರು. “ವಯಸ್ಸಲ್ಲ ಸಾಬ್ರೇ ಇದು. ಬೆಳಗ್ಗೆ ಗೌರೀನ ದೊಡ್ಡಾಸ್ಪತ್ರೆಗೆ ಕರ್ಕೊಂಡೋಗ್ತಾ ಇದ್ದೀವಿ. ನೀವೂ ಬಂದ್ಬುಡಿ, ಜಟಕಾದಲ್ಲಿ ಜಾಗ ಅದೆ” ಅಂದು, ತಪ್ಪಲೆಯನ್ನು ತಾವೇ ಎತ್ತಿ ಅಂಗಡಿಯ ಮೂಲೆಗಿಟ್ಟರು.

ಮುಂದೆ ಆದದ್ದನ್ನು ಇಲ್ಲೇ ಹೇಳಿಬಿಡುತ್ತೇನೆ. ಗೌರಿಯ ಕೈಗೆ ಬಲ ಬರಲು ವರ್ಷದ ಮೇಲೆ ಹಿಡಿಯಿತು, ಆದರೆ ಬಂತು. ಸಾಬರಿಗೆ ಪೂರ್ತಿ ವಾಸಿಯಾಗಲಿಲ್ಲ. ಒಲೆಯ ಮುಂದೆ ಕೂರುವುದನ್ನು ಬಿಟ್ಟರು. ಮಂಡಿಯ ಸುತ್ತಿನ ಕಲಾಯಿ ಅಂಗಡಿಗಳ ಗಟ್ಟಿಗಳನ್ನೆಲ್ಲ ರಾಯರು ತರಿಸಿ ನೋಡಿದರು. ಪ್ರಯೋಗಾಲಯದಲ್ಲಿ ಹೊಸ ಕ್ರಮ ಬಂತು: ನೀರು ಎಲ್ಲಿಯದು ಎನ್ನುವುದರ ಜೊತೆಗೆ ಅದು ಬಾಟಲಿಗೆ ಯಾವ ದಾರಿಯಲ್ಲಿ ಬಂತು ಎನ್ನುವುದನ್ನೂ ನಾವು ಹೇಳಬೇಕು. ಅರವತ್ತರ ಈಚೆಗೆ ಪ್ಲಾಸ್ಟಿಕ್ ಬಾಟಲಿಗಳು ಬಂದವು, ಸೈಕಲ್ ಹೋಗಿ ಜೀಪು ಬಂತು. ಆ ಪ್ರಶ್ನೆ ಬದಲಾಗಲಿಲ್ಲ, ಬದಲಾಗಲೂಬಾರದು.

ಆದರೆ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿರುವುದು ಸಾಬರ ಅಂಗಡಿಗೆ ಹೋದ ಮಾರನೆಯ ಬೆಳಗು. ಜಟಕಾ ನೀಲಮ್ಮನವರ ಬಾಗಿಲಲ್ಲಿ ನಿಂತಿತ್ತು. ಗೌರಿ ಒಂದು ಕಡೆ, ಜಬ್ಬಾರ್ ಸಾಬರು ಒಂದು ಕಡೆ ಕೂತಿದ್ದರು. ನೀಲಮ್ಮನವರು ಹೊಸ ಮಣ್ಣಿನ ಹೂಜಿಯಲ್ಲಿ ಬಾವಿ ನೀರು ತಂದು ಮಗಳಿಗೆ ಲೋಟದಲ್ಲಿ ಕುಡಿಸಿದರು. ಸಾಬರು ಬೊಗಸೆ ಒಡ್ಡಿದರು. ಬೇರೆ ಜಾತಿಯವರ ಮನೆ ಬಾಗಿಲಲ್ಲಿ ನೀರು ಕುಡಿಯುವ ಕ್ರಮ ಆಗ ಅದೇ, ಮೇಲಿನಿಂದ ಹೊಯ್ಯುವುದು, ಬೊಗಸೆಯಲ್ಲಿ ಕುಡಿಯುವುದು. ನೀಲಮ್ಮನವರು ಹೊಯ್ದರು. ಸಾಬರ ಬೊಗಸೆ ನಿಲ್ಲಲಿಲ್ಲ. ಕೈಗಳು ಮಣಿಕಟ್ಟಿನಲ್ಲಿ ಬಾಗಿ ನೀರೆಲ್ಲ ಪಂಚೆಯ ಮೇಲೆ ಚೆಲ್ಲಿತು. ಮತ್ತೊಮ್ಮೆ ಒಡ್ಡಿದರು, ಮತ್ತೂ ಚೆಲ್ಲಿತು. “ಸಾಕಮ್ಮ, ದಾಹ ಇಲ್ಲ” ಎಂದು ಅವರು ಮುಖ ಆಚೆ ತಿರುಗಿಸಿದರು.

ಎದುರು ಜಗುಲಿಗಳಲ್ಲಿ ಜನ ನಿಂತು ನೋಡುತ್ತಿದ್ದರು. ನೀಲಮ್ಮನವರು ಹೂಜಿ ಕೆಳಗಿಟ್ಟು, ಗೌರಿ ಕುಡಿದ ಲೋಟವನ್ನೇ ತುಂಬಿಸಿ, ಜಟಕಾದ ಮೆಟ್ಟಿಲು ಹತ್ತಿ, ಅದನ್ನು ಸಾಬರ ಬಾಯಿಗೆ ಹಿಡಿದರು.

“ಕುಡೀರಿ ಸಾಬ್ರೇ” ಅಂದರು. “ಪರೀಕ್ಷೆ ಆಗಿರೋ ನೀರು.”

ಸಾಬರು ಲೋಟ ಖಾಲಿಯಾಗುವವರೆಗೂ ಕುಡಿದರು.